ಚಮಚ ಓರೆ ಮಾಡಿದರೂ ಬೀಳದಿರಲಿ: ಮಗುವಿನ ಮೊದಲ ಊಟಕ್ಕೆ ಏನು, ಹೇಗೆ?

ಮಗಳಿಗೆ ಆರು ತಿಂಗಳು ತುಂಬಿದಾಗ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾದವು. ಅಮ್ಮನದು ರಾಗಿ ಸರಿ, ಅತ್ತೆಯದು ಬೇಳೆಕಟ್ಟು. ಯಾರನ್ನೂ ನೋಯಿಸಬಾರದೆಂದು ನಾನು ಎರಡನ್ನೂ ಕೊಟ್ಟೆ. ಎಳೆ ಗಂಟಲಿಗೆ ಸಿಕ್ಕಿಕೊಂಡೀತೆಂಬ ಹೆದರಿಕೆಗೆ ಎರಡನ್ನೂ ನೀರು ನೀರಾಗಿಯೇ ಕೊಟ್ಟೆ. ಒಂದು ತಿಂಗಳು ಮಗು ಬಟ್ಟಲುಗಟ್ಟಲೆ ಕುಡಿಯಿತು. ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಮಾತ್ರ ಮೇಲೇರಲಿಲ್ಲ. ಕಾರ್ಡು ನೋಡಿದ ಮಕ್ಕಳ ವೈದ್ಯರು ರಾಗಿಯೋ ಬೇಳೆಯೋ ಎಂದು ಕೇಳಲೇ ಇಲ್ಲ. ‘ಚಮಚ ಓರೆ ಮಾಡಿದರೆ ಸುರಿದುಹೋಗುತ್ತದೆಯೋ, ಅಂಟಿಕೊಂಡು ಕೂರುತ್ತದೆಯೋ?’ ಎಂದಷ್ಟೇ ಕೇಳಿದರು.

ಅಂದಿನಿಂದ ಯಾರಾದರೂ ‘ಮೊದಲು ಏನು ಕೊಡಲಿ’ ಎಂದು ಕೇಳಿದರೆ ನಾನೂ ಚಮಚದಿಂದಲೇ ಶುರು ಮಾಡುತ್ತೇನೆ. ಈ ವಯಸ್ಸಿನ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಪ್ರತಿ ಕಿಲೋ ತೂಕಕ್ಕೆ ಸುಮಾರು 30 ಮಿ.ಲೀ. ಏಳು ಕಿಲೋ ಮಗುವಿಗೆ 200 ಮಿ.ಲೀ. ಆಸುಪಾಸು. ಎದೆಹಾಲಿನ ಜೊತೆಗೆ 6ರಿಂದ 8 ತಿಂಗಳವರೆಗೆ ದಿನಕ್ಕೆ 200 ಕಿಲೋ ಕ್ಯಾಲರಿಯಷ್ಟು, 9ರಿಂದ 11 ತಿಂಗಳವರೆಗೆ 300ರಷ್ಟು ಊಟದಿಂದ ಬರಬೇಕು. ಆ ಪುಟ್ಟ ಹೊಟ್ಟೆಗೆ ಬೇಳೆಯ ತಿಳಿನೀರು ತುಂಬಿಸಿಬಿಟ್ಟರೆ ಊಟಕ್ಕೂ ಜಾಗವಿಲ್ಲ, ಎದೆಹಾಲಿಗೂ ಜಾಗವಿಲ್ಲ. ಅಜ್ಜಿಯ ಕಾಲದ ಬೆಳ್ಳಿ ಒಳಲೆ ಮನೆಯಲ್ಲಿದ್ದರೆ ಜೋಪಾನವಾಗಿ ತೆಗೆದಿಡಿ, ಊಟಕ್ಕೆ ಬಳಸಬೇಡಿ. ಒಳಲೆಯಿಂದ ಇಳಿಯುವಷ್ಟು ತೆಳ್ಳಗಿರುವುದು ಊಟವಲ್ಲ.

ಮೊದಲು ಮಗುವನ್ನು ನೋಡಿ, ಆಮೇಲೆ ಪಂಚಾಂಗ

ಆರು ತಿಂಗಳು, ಅಂದರೆ 180 ದಿನ ತುಂಬುವವರೆಗೆ ಎದೆಹಾಲು ಸಾಕು, ನೀರೂ ಬೇಡ. ಇದು ವಿಶ್ವ ಆರೋಗ್ಯ ಸಂಸ್ಥೆಯ ಮಾತು, ನಮ್ಮ ಆರೋಗ್ಯ ಇಲಾಖೆಯದೂ ಅದೇ. ಹೊತ್ತಿಗೆ ಸರಿಯಾಗಿ ಮಗು ತಾನೇ ಸೂಚನೆ ಕೊಡುತ್ತದೆ. ಕತ್ತು ನಿಲ್ಲುತ್ತದೆ, ಒರಗಿಸಿದರೆ ಕೂರುತ್ತದೆ, ನಿಮ್ಮ ತಟ್ಟೆಯ ಕಡೆ ಕೈ ಚಾಚುತ್ತದೆ, ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಗೆ ತಳ್ಳುವುದು ಕಡಿಮೆಯಾಗುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ದಿನದ ಲೆಕ್ಕವನ್ನು ವೈದ್ಯರಿಂದಲೇ ಮಾಡಿಸಿಕೊಳ್ಳಿ.

ಹೆಣ್ಣುಮಗುವಿಗೆ ಬೆಸ ತಿಂಗಳು, ಗಂಡಿಗೆ ಸಮ ತಿಂಗಳು ಎಂದು ಅನ್ನಪ್ರಾಶನ ಇಡುವ ಮನೆಗಳಲ್ಲಿ ಐದನೇ ತಿಂಗಳ ಮುಹೂರ್ತದ ಮಾತು ಬರುತ್ತದೆ. ಹಿರಿಯರ ಜೊತೆ ವಾದ ಬೇಡ, ‘ಏಳಕ್ಕೆ ಬೀಳಲಿ’ ಎನ್ನಿ. ಏಳೂ ಬೆಸವೇ, ಏಳಕ್ಕೆ ಬಿದ್ದ ದಿನವೇ ಆರು ತುಂಬಿರುತ್ತದೆ. ಗಂಡುಮಗುವಿಗೆ ಎಂಟರಲ್ಲಿ ಮುಹೂರ್ತ ಸಿಕ್ಕಿತೆಂದು ಊಟವನ್ನೂ ಅಲ್ಲಿಯವರೆಗೆ ತಳ್ಳಬೇಡಿ. ಶಾಸ್ತ್ರ ಆಮೇಲೂ ಆಗುತ್ತದೆ, ಹಸಿವು ಕಾಯುವುದಿಲ್ಲ.

ಸರಿ ಹಿಟ್ಟು ಮಾಡುವ ಬಗೆ

ಹಳೇ ಮೈಸೂರು ಸೀಮೆಯವಳಾದ್ದರಿಂದ ನನ್ನ ಮತ ರಾಗಿಗೇ. ಕರಾವಳಿಯಲ್ಲಾದರೆ ನೆನೆದ ರಾಗಿಯನ್ನು ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಹಾಲು ತೆಗೆದು ಮಣ್ಣಿ ಕಾಯಿಸುತ್ತಾರೆ. ಅಕ್ಕಿ, ಹೆಸರುಬೇಳೆ ಮೆತ್ತಗೆ ಬೇಯಿಸಿದ ಹುಗ್ಗಿಯೂ ಅಷ್ಟೇ ಒಳ್ಳೆಯ ಮೊದಲ ತುತ್ತು.

ರಾಗಿಯನ್ನು ಕಲ್ಲು, ಮಣ್ಣು ಹೋಗುವಂತೆ ನಾಲ್ಕೈದು ನೀರಿನಲ್ಲಿ ತೊಳೆದು ರಾತ್ರಿಯಿಡೀ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬಟ್ಟೆ ಒಣಗಲು ಬಿಡದೆ ಆಗಾಗ ನೀರು ಚಿಮುಕಿಸಿದರೆ ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಇಣುಕುತ್ತದೆ. ಹುಳಿ ವಾಸನೆ ಬಂದರೆ, ಎಳೆ ಎಳೆಯಾಗಿ ಬೂಷ್ಟು ಕಂಡರೆ ಮರುಕವಿಲ್ಲದೆ ಎಸೆಯಿರಿ. ಚೆನ್ನಾಗಿ ಬಂದ ಮೊಳಕೆಯನ್ನು ನೆರಳಲ್ಲಿ ಗರಿಗರಿಯಾಗಿ ಒಣಗಿಸಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಹುರಿದು, ಬೀಸಿಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಗಿರಣಿಯಲ್ಲಿ ಮೆಣಸಿನಪುಡಿ ಬೀಸಿದ ಮೇಲೆ ನಿಮ್ಮ ಸರದಿ ಬಂದರೆ ನಾಳೆ ಬನ್ನಿ, ಇಲ್ಲವೇ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ. ಎರಡು ಮೂರು ವಾರಕ್ಕಾಗುವಷ್ಟು ಮಾತ್ರ ಮಾಡಿಕೊಳ್ಳಿ.

ಮೊಳಕೆ ಏಕೆ? ಮೊಳೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ, ಅದು ಪಿಷ್ಟವನ್ನು ಒಡೆಯುತ್ತದೆ. ಬರೀ ರಾಗಿ ಹಿಟ್ಟು ಕಾಯಿಸಿದರೆ ಬೇಗನೆ ಅಂಟಿನಂತಾಗಿ, ನುಂಗಲಾಗದೆಂದು ನಾವು ನೀರು ಸುರಿಯುತ್ತೇವೆ. ಮೊಳಕೆಯ ಹಿಟ್ಟು ಹಾಗೆ ಗಡುಸಾಗದು. ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಾಕಿದರೂ ಮಗು ಸಲೀಸಾಗಿ ನುಂಗುತ್ತದೆ. ಕಬ್ಬಿಣಾಂಶವನ್ನು ಕಟ್ಟಿಹಾಕುವ ಫೈಟೇಟ್ ಕೂಡ ತಗ್ಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು ಮೊಳಕೆ ರಾಗಿ, ಮೊಳಕೆ ಹೆಸರುಕಾಳು ಸೇರಿಸಿ ಎಳೆ ಮಕ್ಕಳ ಆಹಾರ ಮಾಡುವ ಬಗೆಯನ್ನು ದಶಕಗಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ನಮ್ಮ ಅಜ್ಜಿಯರು ಕಿಣ್ವದ ಹೆಸರು ಕೇಳದೆಯೇ ಅದನ್ನು ಮಾಡುತ್ತಿದ್ದರು. ಕಪ್ಪಗೆ ಹುರಿದರೆ ಮಾತ್ರ ಕಿಣ್ವ ಸಾಯುತ್ತದೆ, ಪಟ್ಟ ಪಾಡೆಲ್ಲ ನೀರಿಗೆ ಹೋದಂತೆ.

ಕಾಯಿಸುವಾಗ ಎರಡು ದೊಡ್ಡ ಚಮಚ ಹಿಟ್ಟನ್ನು 150 ಮಿ.ಲೀ. ತಣ್ಣೀರಿನಲ್ಲೇ ಕದಡಿ ಒಲೆಗಿಡಿ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕುದಿ ಬರಿಸಿ, ಹಸಿ ವಾಸನೆ ಹೋಗುವವರೆಗೆ ಬೇಯಿಸಿ. ಇಳಿಸಿದ ಮೇಲೆ ಅರ್ಧ ಚಮಚ ತುಪ್ಪ. ಈಗ ಚಮಚ ಓರೆ ಮಾಡಿ ನೋಡಿ. ಜಾರಿದರೆ ಇನ್ನೊಂದಿಷ್ಟು ಹೊತ್ತು ಕಾಯಿಸಿ, ನಾಳೆ ಹಿಟ್ಟು ಹೆಚ್ಚಿಸಿ.

ಬಾದಾಮಿ, ಪಿಸ್ತಾ, ಗೋಡಂಬಿ, ಹತ್ತು ಬಗೆಯ ಕಾಳು ಸೇರಿಸಿದ ಸರಿ ಈಗ ಎಲ್ಲೆಡೆ ಸಿಗುತ್ತದೆ. ಮೊದಲ ದಿನವೇ ಅದು ಬೇಡ. ಮೈಮೇಲೆ ದದ್ದು ಎದ್ದರೆ ಯಾವುದರಿಂದ ಎಂದು ಬ್ರಹ್ಮನೂ ಹೇಳಲಾರ.

ಮೊದಲ ವಾರ

ಬೆಳಗಿನ ಹೊತ್ತು ಆರಿಸಿಕೊಳ್ಳಿ. ಮಗು ನಿದ್ದೆಗಣ್ಣಿನಲ್ಲಿರಬಾರದು, ಹಸಿದು ಕಿರುಚುತ್ತಲೂ ಇರಬಾರದು. ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಒಂದೆರಡು ಚಮಚ, ಅಷ್ಟೇ. ಅರ್ಧ ಗಲ್ಲಕ್ಕೆ, ಕಾಲು ಭಾಗ ನಿಮ್ಮ ಸೀರೆಗೆ. ಎರಡು ಮೂರು ದಿನಕ್ಕೊಂದು ಹೊಸ ಪದಾರ್ಥ ಸೇರಿಸುತ್ತಾ ಹೋಗಿ: ಕಿವುಚಿದ ಬಾಳೆಹಣ್ಣು, ಬೇಯಿಸಿ ಹಿಸುಕಿದ ಸಿಹಿಗುಂಬಳ, ಕ್ಯಾರೆಟ್, ಬೇಳೆ. ಬೇಳೆ ಎಂದರೆ ಬೇಳೆಯೇ, ಕಟ್ಟಲ್ಲ. ವಾರ ಕಳೆಯುವಷ್ಟರಲ್ಲಿ ಹೊತ್ತಿಗೆ ಎರಡು ಮೂರು ದೊಡ್ಡ ಚಮಚದಷ್ಟು, ದಿನಕ್ಕೆ ಎರಡು ಮೂರು ಹೊತ್ತಿಗೆ ಬಂದರೆ ಸಾಕು. ಎಂಟು ತಿಂಗಳ ಹೊತ್ತಿಗೆ ಅದು 250 ಮಿ.ಲೀ. ಬಟ್ಟಲಿನ ಅರ್ಧದಷ್ಟಾಗುತ್ತದೆ. ಎದೆಹಾಲು ಎಂದಿನಂತೆ ಎರಡು ವರ್ಷ, ಅದರಾಚೆಗೂ.

ರಾಗಿಯೊಂದೇ ಸಾಲದು

ರಾಗಿಯ ಅಭಿಮಾನಿಗಳು ಒಪ್ಪಲೇಬೇಕಾದ ಸಂಗತಿ ಇದು. ನೂರು ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ.ಗೂ ಹೆಚ್ಚು ಕ್ಯಾಲ್ಸಿಯಂ ಇದೆ, ನಿಜ. ಆದರೆ ಈಗ ಮಗುವಿಗೆ ತುರ್ತಾಗಿ ಬೇಕಾಗಿರುವುದು ಕಬ್ಬಿಣಾಂಶ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ತಂದುಕೊಂಡ ಗಂಟು ಆರು ತಿಂಗಳ ಹೊತ್ತಿಗೆ ಕರಗುತ್ತಾ ಬಂದಿರುತ್ತದೆ, ಎದೆಹಾಲಿನಲ್ಲಿ ಅದು ಇರುವುದು ಅತ್ಯಲ್ಪ. ರಾಗಿಯಲ್ಲಿರುವುದನ್ನು ಮೈ ಹೀರಿಕೊಳ್ಳುವುದೂ ಕಡಿಮೆಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 67ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು.

ತಿನ್ನುವ ಮನೆಯವರಾದರೆ ಚೆನ್ನಾಗಿ ಬೆಂದ ಮೊಟ್ಟೆ, ನುಣ್ಣಗೆ ಹಿಸುಕಿದ ಕೋಳಿಮಾಂಸ, ಮುಳ್ಳು ತೆಗೆದ ಮೀನು ಎಲ್ಲವನ್ನೂ ಆರು ತಿಂಗಳ ನಂತರ ಕೊಡಬಹುದು. ‘ಮೊಟ್ಟೆ ವರ್ಷ ತುಂಬಿದ ಮೇಲೆ’ ಎಂಬ ಮಾತು ಹಳೆಯದಾಯಿತು. ಸಸ್ಯಾಹಾರಿಗಳು ಬೇಳೆ, ಮೊಳಕೆಕಾಳು, ಸೊಪ್ಪನ್ನು ಬೇಯಿಸಿ ಹಿಸುಕಿ, ಎರಡು ಹನಿ ನಿಂಬೆರಸ ಹಿಂಡಿ ಕೊಡಿ. ಹುಳಿಯಲ್ಲಿರುವ ವಿಟಮಿನ್ ಸಿ ಕಬ್ಬಿಣಾಂಶವನ್ನು ಒಳಗೆಳೆದುಕೊಳ್ಳಲು ನೆರವಾಗುತ್ತದೆ. ಸರ್ಕಾರದ ಕಬ್ಬಿಣಾಂಶದ ಸಿರಪ್ಪೂ ಆರು ತಿಂಗಳಿನಿಂದಲೇ ಇದೆ, ವಾರಕ್ಕೆ ಎರಡು ಸಲ 1 ಮಿ.ಲೀ. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಿರಿ.

ಕಡಲೆಕಾಯಿಯ ವಿಷಯದಲ್ಲೂ ನಂಬಿಕೆ ತಲೆಕೆಳಗಾಗಿದೆ. ಅಲರ್ಜಿ ಅಪಾಯ ಹೆಚ್ಚಿದ್ದ ಮಕ್ಕಳಿಗೆ ಅದನ್ನು ಬೇಗ ತಿನ್ನಿಸಲು ಶುರು ಮಾಡಿದಾಗ ಅಲರ್ಜಿ ಕಡಿಮೆಯಾದದ್ದನ್ನು 2015ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನ ತೋರಿಸಿತು. ಹುರಿದು ನುಣ್ಣಗೆ ಅರೆದು ಸರಿಯಲ್ಲಿ ಕಲಸಿ, ಇಡೀ ಬೀಜ ಖಂಡಿತ ಬೇಡ. ಮಗುವಿಗೆ ತೀವ್ರ ಇಸುಬು ಇದ್ದರೆ ಮೊದಲು ವೈದ್ಯರನ್ನು ಕೇಳಿ.

ಇವು ಬೇಡ

ಜೇನುತುಪ್ಪ ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ, ನಾಮಕರಣದ ಶಾಸ್ತ್ರಕ್ಕೂ ಬೇಡ. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕ ಎಳೆ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲದು. ಉಪ್ಪು, ಸಕ್ಕರೆ, ಬೆಲ್ಲವೂ ಮೊದಲ ವರ್ಷ ಬೇಡ. ಸಪ್ಪೆ ಎನಿಸುವುದು ನಮ್ಮ ನಾಲಿಗೆಗೆ. ಹಸುವಿನ ಹಾಲನ್ನು ಎದೆಹಾಲಿಗೆ ಬದಲಾಗಿ ಕುಡಿಸಬೇಡಿ. ಟೀಯಲ್ಲಿ ಅದ್ದಿದ ಬಿಸ್ಕತ್ತು ತಾತಂದಿರ ಪ್ರೀತಿಯ ಗುರುತು, ಆದರೂ ಅದು ಸಕ್ಕರೆ, ಮೈದಾ, ಜೊತೆಗೆ ಕಬ್ಬಿಣಾಂಶವನ್ನು ತಡೆಯುವ ಟೀ. ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ ತುಂಡು ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ಮಿಕ್ಸಿಯಿಂದ ಕೈಗೆ

ಎಂಟು ತಿಂಗಳು ದಾಟುತ್ತಿದ್ದಂತೆ ಮಿಕ್ಸಿ ಬಿಟ್ಟು ಬೆರಳಿನಲ್ಲಿ ಹಿಸುಕಿ, ಸಣ್ಣ ಗಂಟುಗಳು ಉಳಿಯಲಿ. ಹಲ್ಲಿಲ್ಲದಿದ್ದರೂ ವಸಡು ಅಗಿಯುತ್ತದೆ. ಓಕರಿಸಿ, ಕೆಮ್ಮಿ, ಉಗಿದರೆ ಗಾಬರಿ ಬೇಡ, ಅದು ಕಲಿಕೆ. ಸದ್ದೇ ಬಾರದೆ ಮುಖ ನೀಲಿಗಟ್ಟಿದರೆ ಅಪಾಯ. ಆಗ ಮುಂಗೈ ಮೇಲೆ ತಲೆ ಕೆಳಗಾಗಿ ಬೋರಲು ಮಲಗಿಸಿ ಅಂಗೈ ಬುಡದಿಂದ ಬೆನ್ನ ಮೇಲೆ 5 ಸಲ ಗುದ್ದಿ, ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಸಲ ಒತ್ತಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಕಣ್ಣಿಗೆ ಕಾಣದ ತುಂಡನ್ನು ತೆಗೆಯಲು ಬಾಯಿಗೆ ಬೆರಳು ಹಾಕಬೇಡಿ.

ಮುಖ ತಿರುಗಿಸಿದರೆ ಆ ಹೊತ್ತಿನ ಊಟ ಮುಗಿಯಿತು. ಮೂಗು ಹಿಡಿದು ಸುರಿಯುವುದು, ಮೊಬೈಲು ತೋರಿಸಿ ತುರುಕುವುದು ಬೇಡ. ಇಂದು ಉಗಿದ ಸಿಹಿಗುಂಬಳವನ್ನೇ ಮುಂದಿನ ವಾರ ಮತ್ತೆ ಕೊಡಿ. ನನ್ನ ಮಗಳು ಎಂಟನೇ ಸಲಕ್ಕೆ ನುಂಗಿದಳು.

ಇನ್ನು ಯಾರೂ ಮೊದಲೇ ಹೇಳದ ಸಂಗತಿ. ಊಟ ಶುರುವಾದ ಮೇಲೆ ಬಟ್ಟೆ ಬದಲಿಸುವಾಗ ಮಲದ ಬಣ್ಣ, ವಾಸನೆ ಎರಡೂ ಬೇರೆಯಾಗಿರುತ್ತವೆ. ರಾಗಿಯ ಕಂದು, ಕ್ಯಾರೆಟ್ಟಿನ ಕೆಂಪು, ಕಬ್ಬಿಣಾಂಶದ ಸಿರಪ್ಪಿನಿಂದ ಕಪ್ಪು. ಇವಕ್ಕೆ ಹೆದರಬೇಡಿ. ನೀರಿನಂತೆ ಮೇಲಿಂದ ಮೇಲೆ ಹೋದರೆ, ರಕ್ತ ಕಂಡರೆ ಅಂದೇ ವೈದ್ಯರ ಬಳಿ ಹೋಗಿ. ಗಟ್ಟಿಯಾಗಿ ಮುಕ್ಕರಿಯುತ್ತಿದ್ದರೆ ಊಟದ ಜೊತೆ ಎರಡು ಚಮಚ ಕಾಯಿಸಿ ಆರಿಸಿದ ನೀರು, ಸ್ವಲ್ಪ ಪರಂಗಿಹಣ್ಣು ಕೊಟ್ಟು ನೋಡಿ.