ಸೆಲ್ಲಾರಿನಲ್ಲಿ ಹೊಸ ಸಿಂಕ್: ನೀರನ್ನು ಹೊರಗೆ ಸಾಗಿಸುವುದು ಹೇಗೆ

ಶಹಾಬಾದ್ ಫರ್ಸಿ (ನೆಲದ ಹಾಸುಗಲ್ಲು) ಒಡೆಯುವ ಮೊದಲು ಮಟ್ಟ ನೋಡಿ. ಕಲಬುರಗಿಯ ಮನೆ-ಅಂಗಡಿಗಳ ಸೆಲ್ಲಾರಿನಲ್ಲಿ ಕೂಡಿಸಿದ ಸಿಂಕು ಕೆಡುವುದು ಬಹುಮಟ್ಟಿಗೆ ಈ ಲೆಕ್ಕ ತಪ್ಪಿದ್ದರಿಂದಲೇ. ನೀರು ತುಂಬಿದ ಲೆವೆಲ್ ಪೈಪು ಹಿಡಿದು ಮೂರು ಎತ್ತರ ಬರೆದುಕೊಳ್ಳಿ: ಸೆಲ್ಲಾರಿನ ನೆಲ, ಹೊರಗಿನ ಚೇಂಬರಿನಲ್ಲಿ (ಮನೆಯ ಹೊಲಸು ನೀರು ಬಂದು ಸೇರುವ ಮುಚ್ಚಳದ ಗುಂಡಿ) ನೀರು ಹರಿಯುವ ತಳ, ಆ ಚೇಂಬರಿನ ಮುಚ್ಚಳ.

ಸಿಂಕಿನ ಟ್ರ್ಯಾಪಿನಿಂದ (ವಾಸನೆ ತಡೆಯಲು ನೀರು ಹಿಡಿದಿಡುವ ಬಾಗು ತುಂಡು) ಪೈಪು ಹೊರಡುವುದು ನೆಲದಿಂದ ಸುಮಾರು 45 ಸೆಂ.ಮೀ. ಮೇಲೆ. ಇಳಿಜಾರು 40ಕ್ಕೆ 1 ಬೇಕು, ಅಂದರೆ 6 ಮೀಟರಿಗೆ 15 ಸೆಂ.ಮೀ. ಹಾಗಾಗಿ 6 ಮೀಟರ್ ದೂರದ ಚೇಂಬರಿನ ಹತ್ತಿರ ಬರುವಾಗ ಪೈಪು ಇನ್ನೂ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರುತ್ತದೆ. ಚೇಂಬರಿನ ತಳ ಅದಕ್ಕಿಂತ ಕೆಳಗಿದ್ದರೆ ಗೋಡೆಗುಂಟ ಪೈಪು ಎಳೆದರಾಯಿತು, ಒಂದು ಫರ್ಸಿಯನ್ನೂ ಎಬ್ಬಿಸಬೇಕಾಗಿಲ್ಲ. ಆದರೆ ಸಿಂಕಿನ ಅಂಚು ಚೇಂಬರ್ ಮುಚ್ಚಳಕ್ಕಿಂತ ತಗ್ಗಿನಲ್ಲಿದ್ದರೆ, ಮಳೆಗಾಲದಲ್ಲಿ ಲೈನು ಕಟ್ಟಿಕೊಂಡಾಗ ಬೀದಿಯ ಹೊಲಸು ನೀರು ಸಿಂಕಿನಲ್ಲೇ ಉಕ್ಕುತ್ತದೆ. ಅಂಥ ಕಡೆ ನೀರನ್ನು ಹಿಂದಕ್ಕೆ ಬಿಡದ ನಾನ್-ರಿಟರ್ನ್ ವಾಲ್ವ್ ಕಡ್ಡಾಯ. ಬಿಚ್ಚಿ ತೊಳೆಯಲು ಕೈ ಹೋಗುವ ಜಾಗದಲ್ಲಿ ಅದನ್ನು ಕೂಡಿಸಿ.

ಸೆಲ್ಲಾರ್ ಪೂರ್ತಿ ಆಳದ್ದಾಗಿ ಚೇಂಬರಿನ ತಳ ಪೈಪಿಗಿಂತ ಮೇಲಿದ್ದರೆ ಪಂಪು ಬೇಕೇ ಬೇಕು. 60×60 ಸೆಂ.ಮೀ. ಅಗಲ, 75 ಸೆಂ.ಮೀ. ಆಳದ ಗುಂಡಿ ಕಟ್ಟಿಸಿ ಒಳಗೆ ನೀರು ಜಿನುಗದ ಗಿಲಾಯಿ ಮಾಡಿಸಿ. ಕುಡಿಯುವ ನೀರಿನ ಸಂಪಿನ ಪಕ್ಕ ಮಾತ್ರ ಈ ಗುಂಡಿ ಬೇಡ. ನೀರಿನ ಮಟ್ಟ ನೋಡಿ ತಾನೇ ಶುರುವಾಗಿಸುವ ಫ್ಲೋಟ್ ಇರುವ, ಹೊಲಸು ನೀರಿಗೆಂದೇ ಮಾಡಿದ ಸಬ್ಮರ್ಸಿಬಲ್ ಪಂಪು ತನ್ನಿ. ನೀರು 40 ಸೆಂ.ಮೀ. ಏರಿದಾಗ ಶುರುವಾಗಿ 15ಕ್ಕೆ ನಿಲ್ಲುವಂತೆ ಕಟ್ಟಿದರೆ ಒಂದು ಸಾರಿಗೆ 90 ಲೀಟರ್ ಹೊರಹೋಗುತ್ತದೆ. ಸಿಂಕಿನ ಪೈಪು ಗುಂಡಿಯ ತಳದಿಂದ 50 ಸೆಂ.ಮೀ. ಮೇಲೆ ಬಂದು ಬೀಳಲಿ. ಕರೆಂಟ್ ಹೋದ ಹೊತ್ತಿನಲ್ಲಿ ಎರಡು ಬಕೆಟ್‌ಗಿಂತ ಹೆಚ್ಚು ನೀರು ಬಿಡಬೇಡಿ, ಜಾಗ ಉಳಿದಿರುವುದೇ ಅಷ್ಟು. ಪಂಪಿನಿಂದ ಏರುವ ಪೈಪಿಗೆ ಪ್ರೆಷರ್ ಪಿವಿಸಿಯೇ ಆಗಬೇಕು. ರಬ್ಬರ್ ರಿಂಗಿನ ಡ್ರೇನ್ ಪೈಪು ಒತ್ತಡಕ್ಕೆ ಕಳಚಿಕೊಳ್ಳುತ್ತದೆ. ಏರುವ ಪೈಪನ್ನು ಬೀದಿಯ ಮಟ್ಟಕ್ಕಿಂತ ಮೇಲೆ ಒಯ್ದು ಆಮೇಲೆ ಚೇಂಬರಿಗೆ ಇಳಿಸಿ. ಪಂಪಿನ ಮೇಲೆ ನಾನ್-ರಿಟರ್ನ್ ವಾಲ್ವ್ ಇಲ್ಲದಿದ್ದರೆ 40 ಮಿ.ಮೀ. ಪೈಪಿನ 5 ಮೀಟರಿನಲ್ಲಿರುವ ಆರು ಲೀಟರ್ ನೀರು ಪ್ರತಿ ಸಾರಿಯೂ ವಾಪಸ್ ಇಳಿಯುತ್ತದೆ.

ಹೊರಗೆ ಎರೆಮಣ್ಣಿದ್ದರೆ ಮೈಯೆಲ್ಲ ಎಚ್ಚರವಿರಲಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು ಅದು. ಪೈಪನ್ನು ಎತ್ತುತ್ತದೆ, ಇಳಿಸುತ್ತದೆ, ಮುರಿತ ಬೀಳುವುದು ಗೋಡೆ ದಾಟುವ ಜಾಗದಲ್ಲಿ. ಕಾಲುವೆಯಲ್ಲಿ 10–15 ಸೆಂ.ಮೀ. ಉಸುಕು ಅಥವಾ ಮರಂ ಹಾಸಿ ಪೈಪು ಮಲಗಿಸಿ, ಸುತ್ತಲೂ ಅದನ್ನೇ ತುಂಬಿ. ಗೋಡೆಯಲ್ಲಿ 50 ಮಿ.ಮೀ. ಪೈಪಿಗೆ 75ರ ಪೈಪ್ ತುಂಡನ್ನು ತೋಳಿನಂತೆ ತೊಡಿಸಿ, ಸಂದಿಗೆ ಸಿಮೆಂಟ್ ಬದಲು ಸಿಲಿಕಾನ್ ಮೆತ್ತಿ.

ಒಳಗಿನ ಜೋಡಣೆ ಸರಳ. ಸಿಂಕಿನ ತೂತಿಗೆ ಕೂಡಿಸುವ ವೇಸ್ಟ್ ಕಪ್ಲಿಂಗಿನ ಕೆಳಗೆ 50 ಮಿ.ಮೀ. ನೀರು ನಿಲ್ಲುವ ಟ್ರ್ಯಾಪ್, ಮುಂದೆ 50 ಮಿ.ಮೀ. ಪೈಪು. ತಿರುವಿಗೆ ಒಂದೇ 90 ಡಿಗ್ರಿ ಬೆಂಡ್ ಹಾಕದೆ ಎರಡು 45 ಹಾಕಿ, ಒಂದು ಕಡೆ ಡೋರ್ (ಬಿಚ್ಚಿ ತೊಳೆಯುವ ಬಾಯಿ) ಇರಲಿ: ರೊಟ್ಟಿ ತಟ್ಟಿದ ಕೈ ತೊಳೆದ ಜೋಳದ ಹಿಟ್ಟು ಹೋಗಿ ಕೂರುವುದು ಅಲ್ಲೇ. ಸಲ್ಯೂಷನ್ (ಪೈಪಿನ ಅಂಟು) ಹಚ್ಚುವ ಮುನ್ನ ಪೈಪಿನ ತುದಿಯ ಚೂರು ಕೆರೆದು ಒರೆಸಿ, ಒಳನೂಕುತ್ತ ಕಾಲು ಸುತ್ತು ತಿರುವಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಇಲ್ಲಿನ ಮೇ ಬಿಸಿಲಿಗೆ ಸಲ್ಯೂಷನ್ ಕೈಯಲ್ಲೇ ಒಣಗುತ್ತದೆ, ಒಂದೊಂದೇ ಜಾಯಿಂಟ್ ಮಾಡಿ. ಟ್ರ್ಯಾಪಿನಿಂದ ಪೈಪು 2 ಮೀಟರ್ ದಾಟಿದರೆ ಗಾಳಿ ಪೈಪನ್ನು ಮಾಳಿಗೆ ಮೇಲಕ್ಕೆ ಒಯ್ಯಬೇಕು. ಪಂಪಿನ ಗುಂಡಿಯ ಮುಚ್ಚಳ ಬಿಗಿಯಾಗಿರಬೇಕು, ಅದಕ್ಕೂ ಗಾಳಿ ಪೈಪು ಬೇಕು.

ಒಂದು ದಿನ ಬಿಟ್ಟು ಸಿಂಕು ತುಂಬಿಸಿ ಒಮ್ಮೆಲೇ ಬಿಡಿ. ಪ್ರತಿ ಜಾಯಿಂಟಿಗೂ ಒಣ ಕಾಗದ ಒತ್ತಿ ನೋಡಿ. ಕೊನೆಯಲ್ಲಿ ಗುಡುಗುಡು ಸದ್ದು ಬಂದರೆ ಟ್ರ್ಯಾಪಿನ ನೀರು ಎಳೆದುಕೊಂಡು ಹೋಗುತ್ತಿದೆ ಎಂದರ್ಥ: ಗಾಳಿ ಪೈಪು ಇಲ್ಲ, ಇಲ್ಲವೇ ಇಳಿಜಾರು ಅತಿಯಾಗಿದೆ. ಸದ್ದಿಲ್ಲದೆಯೂ ವಾಸನೆ ಬಂದರೆ, ಬೇಸಿಗೆಯಲ್ಲಿ ವಾರಗಟ್ಟಲೆ ಬಳಸದ ಸಿಂಕಿನ ಟ್ರ್ಯಾಪ್ ಒಣಗಿರುತ್ತದೆ. ಒಂದು ಚೊಂಬು ನೀರು ಸುರಿದರೆ ಸಾಕು.