ಅಗ್ನಿವೀರ್ ರ‍್ಯಾಲಿ: 1.6 ಕಿ.ಮೀ. ಓಟದಲ್ಲಿ ಅಂಕ ಕಳೆದುಕೊಳ್ಳಬೇಡಿ

ರ‍್ಯಾಲಿಗೆ ಸೇನೆ ಸೇರಲು ಬರುವ ಹುಡುಗರಲ್ಲಿ ದಮ್ಮಿಗೆ ಕೊರತೆಯಿಲ್ಲ, ಎಡವುವುದು ಲೆಕ್ಕದಲ್ಲಿ. ಭೂಸೇನೆಯಲ್ಲಿ 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ. ಒಂದು ಸೆಕೆಂಡ್ ಮೀರಿದರೂ 48ಕ್ಕೆ ಇಳಿಯುತ್ತದೆ. ನೌಕಾಪಡೆ ಪುರುಷರಿಗೆ 6 ನಿಮಿಷ 30 ಸೆಕೆಂಡ್, ವಾಯುಪಡೆ 7 ನಿಮಿಷ ಕೊಡುತ್ತದೆ. ಈ ಎರಡರಲ್ಲೂ ಪುಷ್‌ಅಪ್, ಸಿಟ್‌ಅಪ್, ಬಸ್ಕಿಯೂ ಇವೆ. ಯಾವುದಕ್ಕೇ ಹೋಗಿ, ಓಟಕ್ಕೆ ಮಾತ್ರ ಭೂಸೇನೆಯ ಗುರಿಯನ್ನೇ ಇಟ್ಟುಕೊಳ್ಳಿ.

ಮೊದಲು ಮಣ್ಣಿನ ಮೈದಾನದಲ್ಲಿ ಟೇಪ್ ಹಿಡಿದು 400 ಮೀಟರಿನ ಒಂದು ಸುತ್ತು ಅಳೆಯಿರಿ. ಮೊಬೈಲ್ ಆ್ಯಪ್ ನಂಬಬೇಡಿ, ತಿರುವುಗಳಲ್ಲಿ ಅದರ ಅಳತೆ ತಪ್ಪುತ್ತದೆ.

ಸುತ್ತಿಗೆ 80 ಸೆಕೆಂಡಿನಂತೆ ನಾಲ್ಕು ಸುತ್ತು ಓಡಿದರೆ 5 ನಿಮಿಷ 20 ಸೆಕೆಂಡ್. ಹೆಚ್ಚಿನವರು ಕೆಡುವುದು ಮೊದಲ ಸುತ್ತಿನಲ್ಲೇ. ಗುಂಪಿನ ಹುಮ್ಮಸ್ಸಿಗೆ 68–70 ಸೆಕೆಂಡಿನಲ್ಲಿ ನುಗ್ಗುತ್ತಾರೆ, ಮೂರನೇ ಸುತ್ತಿಗೆ ತೊಡೆ ಕಲ್ಲಾಗಿ 90 ದಾಟುತ್ತದೆ. ಮೊದಲ 200 ಮೀಟರ್ 40 ಸೆಕೆಂಡಿಗಿಂತ ಬೇಗ ಮುಗಿದರೆ ತಕ್ಷಣ ವೇಗ ತಗ್ಗಿಸಿ. ತಿರುವಿನಲ್ಲಿ ಯಾರನ್ನೂ ಹಿಂದಿಕ್ಕಬೇಡಿ. ಸುಮಾರು 1.2 ಮೀಟರ್ ಹೊರಗೆ ಓಡಿದರೆ ಸುತ್ತಿಗೆ ಏಳೂವರೆ ಮೀಟರ್ ಹೆಚ್ಚು, ನಾಲ್ಕು ಸುತ್ತಿಗೆ 30 ಮೀಟರ್. ಅಂದರೆ ಆರು ಸೆಕೆಂಡ್ ಹೋಯಿತು. ನೇರ ದಾರಿ ಬಂದಾಗ ಮುನ್ನುಗ್ಗಿ, ಮತ್ತೆ ಒಳಗಿನ ಅಂಚು ಹಿಡಿಯಿರಿ.

ಅಭ್ಯಾಸಕ್ಕೆ ವಾರದಲ್ಲಿ ಒಂದು ದಿನ 80 ಸೆಕೆಂಡಿನ 400 ಮೀಟರ್ ಆರು ಬಾರಿ, ನಡುವೆ 90 ಸೆಕೆಂಡ್ ನಡಿಗೆ. ಎರಡು ದಿನ ಆರಾಮವಾಗಿ 5–6 ಕಿ.ಮೀ. ಎರಡು ವಾರಕ್ಕೊಮ್ಮೆ ಪೂರ್ತಿ ಓಟಕ್ಕೆ ಗಡಿಯಾರ ಹಿಡಿಯಿರಿ. ದಿನಾ ಪೂರ್ತಿ ವೇಗದಲ್ಲಿ ಓಡಿದರೆ ಮೊಣಕಾಲ ಕೆಳಗಿನ ಮುಂಗಾಲು ಮೂಳೆ ನೋಯತೊಡಗುತ್ತದೆ, ಆಮೇಲೆ ವಾರಗಟ್ಟಲೆ ಮಲಗಬೇಕು. ರ‍್ಯಾಲಿಯ ದಿನ ಹೊಸ ಶೂ ಬೇಡ. ಎನರ್ಜಿ ಡ್ರಿಂಕ್, ಯಾರೋ ಕೊಟ್ಟ ಮಾತ್ರೆ, ಇಂಜೆಕ್ಷನ್ ಮುಟ್ಟಲೇಬೇಡಿ.

ಓಟದ ಜೊತೆ ಭೂಸೇನೆಯಲ್ಲಿ ಪುಲ್‌ಅಪ್ ಇದೆ: 10ಕ್ಕೆ 40 ಅಂಕ, 9ಕ್ಕೆ 33, 6ಕ್ಕೆ 16. ಕೈ ಪೂರ್ತಿ ನೇರವಾಗಿಸಿ ಜೋತುಬಿದ್ದು, ಗಲ್ಲ ಕಂಬಿಯ ಮೇಲೆ ಬರುವವರೆಗೆ ಏರಿ. ಕಾಲು ಒದ್ದು ಏರಿದ್ದನ್ನು ಎಣಿಸುವುದಿಲ್ಲ, ಶಕ್ತಿ ಮಾತ್ರ ಖರ್ಚಾಗುತ್ತದೆ. ಆರಕ್ಕೆ ನಿಂತವರು ಸ್ಟೂಲ್ ಹತ್ತಿ ಗಲ್ಲ ಮೇಲಿಟ್ಟು, ಐದು ಸೆಕೆಂಡ್ ತೆಗೆದುಕೊಂಡು ನಿಧಾನವಾಗಿ ಇಳಿಯುವುದನ್ನು ರೂಢಿಸಿಕೊಳ್ಳಿ.

9 ಅಡಿ ಹಳ್ಳ ಜಿಗಿಯುವುದಕ್ಕೆ, ಅಂಕುಡೊಂಕಾದ (ಜಿಗ್‌ಜಾಗ್) ಹಲಗೆಯ ಮೇಲೆ ನಡೆಯುವುದಕ್ಕೆ ಅಂಕವಿಲ್ಲ, ದಾಟಿದರೆ ಸಾಕು. ಹಲಗೆಯ ಮೇಲೆ ಅವಸರ ಮಾಡಬೇಡಿ.