ಸೆರೆಸ್ ದೇವಿಯ ಉಬ್ಬುಫಲಕ: ಮಣ್ಣಿನಿಂದ ಗೂಡಿನವರೆಗೆ

ರೋಮನ್ನರ ಬೆಳೆದೇವತೆ ಸೆರೆಸ್. ಎರಡೂ ಕೈಯಲ್ಲಿ ಗೋಧಿ ತೆನೆ, ಗಸಗಸೆ ಕಾಯಿ. ಎರಡೂ ಬದಿಗೆ ಹಾವು. ರೋಮನ್ನರ ಸುಟ್ಟಮಣ್ಣಿನ ‘ಕಂಪಾನಾ ಫಲಕ’ಗಳಲ್ಲಿ ಅವಳು ಕಾಣುವುದು ಹೀಗೆ. 19ನೇ ಶತಮಾನದ ಸಂಗ್ರಾಹಕ ಜಾಂಪಿಯೆತ್ರೊ ಕಂಪಾನಾನ ಹೆಸರು ಹೊತ್ತ ಈ ಫಲಕಗಳನ್ನು ಅಚ್ಚಿನಲ್ಲಿ ಒತ್ತಿ, ಸುಟ್ಟು, ಮೊಳೆ ಹೊಡೆದು ಗೋಡೆಗೆ ಕೂರಿಸುತ್ತಿದ್ದರು. ಎದುರುಮುಖದ, ಎಡಬಲ ಸಮನಾದ ಚಿತ್ರವಾದ್ದರಿಂದ ಹೊಸಬರಿಗೂ ಕೈಗೆಟುಕುತ್ತದೆ.

24×30 ಸೆಂ.ಮೀ. ಫಲಕಕ್ಕೆ 4 ಕಿಲೋ ಹದವಾದ ಜೇಡಿಮಣ್ಣು ಸಾಕು. ಜರಡಿ ಹಿಡಿದ ಇಟ್ಟಿಗೆ ಪುಡಿ 600 ಗ್ರಾಂ ಬೆರೆಸಿ ನಾದಿ. ಪುಡಿ ಇಲ್ಲದಿದ್ದರೆ ಹಲಗೆ ಸೊಟ್ಟಗಾಗುತ್ತದೆ, ಬಿರಿಯುತ್ತದೆ. ಮಣ್ಣಿನಲ್ಲಿ ಸುಣ್ಣದ ಹರಳು ಇರಲೇಬಾರದು: ಸುಟ್ಟ ಮೇಲೆ ಅದು ಗಾಳಿಯ ತೇವ ಹೀರಿ ಉಬ್ಬುತ್ತದೆ, ನಾಲ್ಕಾರು ದಿನ ಕಳೆದು ದೇವಿಯ ಕೆನ್ನೆಯಿಂದ ಚಕ್ಕೆ ಹಾರುತ್ತದೆ. ಮೊದಲೇ ಒಂದು ಪಟ್ಟಿಯ ಮೇಲೆ 10 ಸೆಂ.ಮೀ. ಗೆರೆ ಎಳೆದು ಸುಟ್ಟು ನೋಡಿ; ಗೆರೆ 9.2 ಆದರೆ ಕುಗ್ಗುವಿಕೆ ಶೇ. 8.

ಎರಡೂ ಬದಿಗೆ 1.5 ಸೆಂ.ಮೀ. ದಪ್ಪದ ರೀಪು ಇಟ್ಟು ಮಣ್ಣನ್ನು ಲಟ್ಟಿಸಿ. ಆಕೃತಿಯ ಹೊರಗೆರೆ ಗೀಚಿ. ಮಣ್ಣು ಸೇರಿಸುವ ಕಡೆಯೆಲ್ಲ ಕೆರೆದು, ಮಣ್ಣಿನ ಬಗ್ಗಡ ಹಚ್ಚಿ, ನಡುವಿನಿಂದ ಅಂಚಿಗೆ ಒತ್ತುತ್ತ ಬನ್ನಿ. ಒಳಗೆ ಗಾಳಿ ಉಳಿಯಬಾರದು. ಎದೆ, ತೋಳು ಮೊದಲು, ಮುಖ ಕೊನೆಗೆ. ಮೂಗು ಎಷ್ಟು ಎತ್ತರ ಬೇಕೆಂಬುದು ಉಳಿದದ್ದು ನಿಂತ ಮೇಲೇ ತಿಳಿಯುವುದು. ಒಟ್ಟು ಉಬ್ಬು 2 ಸೆಂ.ಮೀ. ದಾಟುವುದು ಬೇಡ, ಆಳ ತೋರಿಸುವುದು ಎತ್ತರವಲ್ಲ, ನೆರಳು. ಸೀರಣದಂಥ ಕಡ್ಡಿಯಿಂದ ತೋಳಿನ ಅಂಚನ್ನು ಚೂಪಾಗಿ ಕತ್ತರಿಸಿದರೆ ಅರ್ಧ ಸೆಂ.ಮೀ. ಉಬ್ಬೂ ಎದ್ದು ಕಾಣುತ್ತದೆ.

ತೆನೆಯ ಒಂದೊಂದು ಕಾಳನ್ನೂ ಅಂಟಿಸಲು ಹೋಗಬೇಡಿ, ಒಣಗಿದಾಗ ಉದುರುತ್ತವೆ. ಬೆರಳು ದಪ್ಪದ ಬತ್ತಿಯೊಂದನ್ನು ಕೂರಿಸಿ, ಕಡ್ಡಿಯ ತುದಿಯಿಂದ ಓರೆಯಾಗಿ ಎರಡೂ ಕಡೆ ಒತ್ತಿ. ಕಾಳು ತಾನೇ ಮೂಡುತ್ತದೆ. ಗಸಗಸೆ ಕಾಯಿಗೆ ಗುಂಡು, ಮೇಲೊಂದು ಚಪ್ಪಟೆ ಕಿರೀಟ.

ಒಂದಕ್ಕಿಂತ ಹೆಚ್ಚು ಬೇಕಿದ್ದರೆ, ಮಣ್ಣು ಹಸಿಯಿದ್ದಾಗಲೇ ಸುತ್ತ ಕಟ್ಟೆ ಕಟ್ಟಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿಯಿರಿ: 1 ಲೀಟರ್ ನೀರಿಗೆ 1.4 ಕಿಲೋ, 3 ಸೆಂ.ಮೀ. ದಪ್ಪ. ಉಬ್ಬಿನ ಕೆಳಗೆ ಒಳಸರಿದ ಜಾಗ ಒಂದಿದ್ದರೂ ಮುಂದೆ ಅಚ್ಚಿನಿಂದ ಫಲಕ ಬಿಡುವುದಿಲ್ಲ.

ಮಣ್ಣು ಚರ್ಮದಷ್ಟು ಗಟ್ಟಿಯಾದಾಗ ಸ್ಪಂಜಿನ ಮೇಲೆ ಬೋರಲು ಹಾಕಿ, ದಪ್ಪವಿರುವ ಕಡೆ ಬೆನ್ನನ್ನು ತೋಡಿ ಎಲ್ಲೆಡೆ ಸುಮಾರು 1.5 ಸೆಂ.ಮೀ. ಉಳಿಸಿ. ಮೊಳೆಯ ತೂತನ್ನೂ ಈಗಲೇ ಕೊರೆಯಿರಿ, ಅಂಚಿನಿಂದ 2 ಸೆಂ.ಮೀ. ಒಳಗೆ, ಕುಗ್ಗುವಿಕೆ ಲೆಕ್ಕ ಹಾಕಿ.

ಒಣಗುವಾಗ ಮೊದಲು ಸೊಟ್ಟಗಾಗುವುದು ಮೂಲೆ. ಅಂಚಿಗೆ ಪ್ಲಾಸ್ಟಿಕ್ ಹೊದಿಸಿ, ಕೆಳಗೆ ದಿನಪತ್ರಿಕೆ ಹಾಸಿ, ದಿನಕ್ಕೊಮ್ಮೆ ಹಾಳೆ ಬದಲಿಸುತ್ತ ಎರಡು ವಾರ ನೆರಳಲ್ಲಿಡಿ. ಕೆನ್ನೆಗೆ ಹಿಡಿದಾಗ ತಣ್ಣಗನಿಸಿದರೆ ಒಳಗೆ ಇನ್ನೂ ನೀರಿದೆ.

ಸುಡುವಾಗ 120 ಡಿಗ್ರಿವರೆಗೆ ಗಂಟೆಗೆ 50 ಡಿಗ್ರಿ ಮೀರಬೇಡಿ. ಆತುರ ಮಾಡಿದರೆ ಆವಿಯ ಒತ್ತಡಕ್ಕೆ ಫಲಕ ಸಿಡಿಯುತ್ತದೆ. ಏರುವಾಗಲೂ ಇಳಿಯುವಾಗಲೂ 573 ಡಿಗ್ರಿಯ ಆಸುಪಾಸು ನಿಧಾನ, ಅಲ್ಲಿ ಮರಳಿನ ಹರಳು ಗಾತ್ರ ಬದಲಿಸುತ್ತದೆ. 980ಕ್ಕೆ ನಿಲ್ಲಿಸಿ. ಗೂಡು 100ಕ್ಕಿಂತ ಕೆಳಗಿಳಿಯದೆ ಬಾಗಿಲು ತೆರೆಯಬೇಡಿ.